ಗಾಜಿಲ್ಲದ ಜೀಪು ಮಣ್ಣಿಗೆ ಹೋದದ್ದು

ಕುಪ್ಪೇಲೂರಿನ ಹನುಮೇಶ ತನ್ನ ಜೀಪನ್ನು ದುರಗವ್ವನ ಶಂಡಿಗೆಯ ಮೇಲೆ ಹತ್ತಿಸಿದ್ದು ಬೇಕಂತಲೇ ಅಲ್ಲ. ತಪ್ಪೆಲ್ಲ ಗಾಜಿನದು.

ಆ ಜೀಪು ಯಾವುದೋ ಸರ್ಕಾರಿ ಇಲಾಖೆಯ ಹರಾಜಿನಲ್ಲಿ ಬಂದದ್ದು. ವಯಸ್ಸಿನಲ್ಲಿ ಹನುಮೇಶನಿಗಿಂತ ಸ್ವಲ್ಪವೇ ಚಿಕ್ಕದು. ಕುಪ್ಪೇಲೂರಿನಿಂದ ರಾಣೇಬೆನ್ನೂರಿಗೆ ಬಸ್ಸು ತಪ್ಪಿಸಿಕೊಂಡವರನ್ನು ಹೊತ್ತು ಓಡಾಡುವುದು ಅದರ ಕೆಲಸ. ಈಗಿನ ಗಾಡಿಗಳ ಹಾಗೆ ಅದಕ್ಕೆ ಡೊಂಕು ಗಾಜಲ್ಲ. ಮುಂದೆ ಎರಡು ಚಪ್ಪಟೆ ಗಾಜು, ನಡುವೆ ಒಂದು ಕಬ್ಬಿಣದ ಪಟ್ಟಿ. ಡ್ರೈವರನ ಎದುರಿನ ಗಾಜು ಸವೆದು ಸವೆದು ಅಂಚಿನಿಂದ ಒಳಕ್ಕೆ ಹಾಲುಗಟ್ಟಿತ್ತು. ನಡುವೆ ವೈಪರ್ ಕೆರೆದು ಕೆರೆದು, ಎತ್ತು ಸುತ್ತು ಹೊಡೆದ ಕಣದ ಹಾಗೆ ಗೆರೆ ಮೂಡಿತ್ತು. ಎದುರಿಗೆ ಬಿಸಿಲು ಬಂದರೆ ಸಾಕು, ಮಜ್ಜಿಗೆಯ ಗಡಿಗೆಯೊಳಗೆ ತಲೆ ಹಾಕಿ ಹೊರಗೆ ನೋಡಿದಂತೆ. ಆದರೂ ಹನುಮೇಶ ಓಡಿಸುತ್ತಿದ್ದ. ದಾರಿ ಅವನಿಗೆ ಬಾಯಿಪಾಠವಾಗಿತ್ತು. ಆ ಸೋಮವಾರ ಬೆಳಿಗ್ಗೆ ದುರಗವ್ವ ಹಳೆಯ ಸೀರೆ ಹಾಸಿ ಶಂಡಿಗೆ ಇಟ್ಟದ್ದು ಮಾತ್ರ ಪಾಠದಲ್ಲಿ ಇರಲಿಲ್ಲ.

"ಕಣ್ಣ ಕಾಣಂಗಿಲ್ಲೇನ ನಿನಗ?" ದುರಗವ್ವ ಕೈಯಲ್ಲಿ ಹಿಟ್ಟಿನ ಸವುಟು ಹಿಡಿದೇ ಎದ್ದು ಬಂದಳು.

"ಕಣ್ಣ ಕಾಣ್ತಾವ. ಗಾಜಿನಾಗ ಏನೂ ಕಾಣಂಗಿಲ್ಲ."

ದುರಗವ್ವ ಎದುರು ಮನೆಯವಳು ಮಾತ್ರವಲ್ಲ, ಹನುಮೇಶನ ತೀರಿಹೋದ ಹೆಂಡತಿ ಜಯವ್ವನ ಅಕ್ಕ. ಮರುದಿನ ಜಯವ್ವನ ವರ್ಷದ ಕಾರ್ಯ. ಗಳಗನಾಥದಲ್ಲಿ, ಹೊಳೆ ಕೂಡುವಲ್ಲಿ, ಎಡೆ ಇಟ್ಟು ಬರಬೇಕು. ಶಂಡಿಗೆ ಅದಕ್ಕೇ. ಜೀಪೂ ಅದಕ್ಕೇ.

"ನಾಳೆ ಮನಿಮಂದೀನೆಲ್ಲ ಇದರಾಗ ತುಂಬ್ಕೊಂಡು ಹೋಗಾಂವ ನೀನು," ಎಂದಳು ದುರಗವ್ವ. "ಜಯವ್ವಗ ಎಡಿ ಇಡಾಕ ಒಯ್ತೀಯೋ, ಎಲ್ಲಾರ್ನೂ ಜಯವ್ವನ ಕಡೆನ ಮುಟ್ಟಿಸಿ ಬರ್ತೀಯೋ?"

ಮುಂದಿನ ಮಾತು ಯಾವುದೆಂದು ಹನುಮೇಶನಿಗೆ ಗೊತ್ತಿತ್ತು. ಅದು ಬಂದೇ ಬಂತು.

"ಅಕಿ ಹೋದ ದಿನ ಒಂದ ಹನಿ ಕಣ್ಣೀರ ಹಾಕಲಿಲ್ಲ ನೀನು. ಎದಿಯಾಗ ಡೀಸೆಲ್ ಐತಿ ನಿಂದು."

ಇದು ಸುಳ್ಳಲ್ಲ. ಜಯವ್ವ ಹೋದ ದಿನ ಹನುಮೇಶ ಅತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಜೀಪಿನಲ್ಲೇ ಇದ್ದ: ಬೀಗರನ್ನು ಕರೆತಂದ, ಹೂ ತಂದ, ಭಜನೆಯವರನ್ನು ತಂದ, ಮರೆತ ಕರ್ಪೂರಕ್ಕೆ ಮತ್ತೆ ಹೋದ. ಎಲ್ಲ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತಾಗ ಅಳುವ ಹೊತ್ತು ಮೀರಿಹೋಗಿತ್ತು. ಆಮೇಲೂ ಬರಲಿಲ್ಲ. ಒಮ್ಮೆ ಹೊಲದ ದಂಡೆಯಲ್ಲಿ ಯಾರೂ ಇಲ್ಲದಾಗ ಕುಳಿತು, ಆಕೆಯ ಒಂದೊಂದೇ ಮಾತು ನೆನಪಿಸಿಕೊಂಡು ಪ್ರಯತ್ನ ಮಾಡಿ ನೋಡಿದ್ದ. ಆಕಳಿಕೆ ಬಂತು. ಅಂದಿನಿಂದ ದುರಗವ್ವ ಹೇಳುವುದು ಖರೆ ಇರಬಹುದೇನೋ ಎಂಬ ಹೆದರಿಕೆ ಅವನೊಳಗೆ ಸೇರಿಕೊಂಡಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಶಾಬುದ್ದೀನ ಬಂದ. ಅವನು ದರ್ಜಿ. ಆದರೆ ಬಟ್ಟೆ ಬಿಟ್ಟು ಲೋಕದ ಉಳಿದೆಲ್ಲವನ್ನೂ ರಿಪೇರಿ ಮಾಡಬಲ್ಲೆನೆಂದು ಅವನ ನಂಬಿಕೆ.

"ಗಾಜ ಸವದಿಲ್ಲೋ ಮಾರಾಯ. ಹೊಲಸ ಕುಂತೈತಿ. ತಿಕ್ಕಿದ್ರ ಹೋಗ್ತೈತಿ."

"ಇವತ್ತ ಹಾವೇರಿಗೆ ಹೋಗಿ ಹೊಸಾದ ಹಾಕಿಸ್ಕೊಂಡ ಬರ್ತೇನಿ, ಬಿಡು. ಅದ ಸಲುವಾಗಿನ ಹೊಂಟೇನಿ."

"ಹಾವೇರಿಗಾದ್ರೂ ಕಾಣಬೇಕಲ್ಲ ದಾರಿ."

ತಿಕ್ಕಿದರು. ಮೊದಲು ಬೂದಿ, ಆಮೇಲೆ ಹಲ್ಲುಜ್ಜುವ ಪೇಸ್ಟು, ಆಮೇಲೆ ಯಾರೋ ಹೇಳಿದ್ದಕ್ಕೆ ತಂಬಾಕಿನ ಎಸಳು. ಗಾಜು ಬಿಳಿಯಿದ್ದದ್ದು ಹಸಿರಾಯಿತು, ಹಸಿರಿದ್ದದ್ದು ಕಂದು ಬಣ್ಣವಾಯಿತು. ಕೊನೆಗೆ ಶಾಬುದ್ದೀನ ಒಳಗೆ ಹೋಗಿ ಒಂದು ಚರಿಗೆ ನೀರು ತಂದು ಸುರಿದ. ಟಕ್ ಎಂದು ಒಂದೇ ಶಬ್ದ. ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿತು.

"ಉಗುರು ಬೆಚ್ಚಗಿನ ನೀರ ಇತ್ತು," ಎಂದ ಶಾಬುದ್ದೀನ.

"ಚಾಪುಡಿ ಹಾಕಿದ್ರ ಚಾ ಆಗ್ತಿತ್ತು," ಎಂದಳು ದುರಗವ್ವ.

ಸೀಳಿದ ಗಾಜನ್ನು ಇಟ್ಟುಕೊಂಡು ಹೋದರೆ ಕುಲುಕಿಗೆ ಮುಖದ ಮೇಲೇ ಬೀಳುತ್ತದೆಂದು ಎಲ್ಲರೂ ಸೇರಿ ಅದನ್ನು ಕಿತ್ತೇ ತೆಗೆದರು. ಹನುಮೇಶ ಕುಳಿತು ನೋಡಿದ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ರಸ್ತೆ ಸ್ಪಷ್ಟವಾಗಿ ಕಂಡಿತು. ಗಾಳಿಯೂ ಅಷ್ಟೇ ಸ್ಪಷ್ಟವಾಗಿ ಬಂತು.

ಹಾವೇರಿಯಲ್ಲಿ ಗಾಜು ತಯಾರಿರುವುದು ಮಾತ್ರ ಖಾತ್ರಿ. ರಾಣೇಬೆನ್ನೂರಿನ ಅಂಗಡಿಗಳಲ್ಲಿ ಈ ಮಾದರಿಯ ಜೀಪಿನ ಹೆಸರು ಹೇಳಿದರೆ ನಗುತ್ತಿದ್ದರು. ಒಬ್ಬ ಮಾತ್ರ, ಹಾವೇರಿಯ ಮೈಲಾರಪ್ಪ ಮೇಸ್ತ್ರಿ ಹಳೇ ಜೀಪುಗಳಿಗೆ ಕೈಯಿಂದಲೇ ಗಾಜು ಕತ್ತರಿಸಿಕೊಡುತ್ತಾನೆ ಎಂದಿದ್ದ. ಹನುಮೇಶ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ದಿನಪತ್ರಿಕೆಯನ್ನು ಗಾಜಿನ ಅಳತೆಗೆ ಕತ್ತರಿಸಿ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ. ಮೇಸ್ತ್ರಿಯ ಮುಖ ಅವನು ನೋಡಿರಲಿಲ್ಲ. ಕೇಳಿದ್ದು ದನಿ ಮಾತ್ರ. ನಡುನಡುವೆ ಕೆಮ್ಮುವ, ಅವಸರವಿಲ್ಲದ ದನಿ. "ಸೋಮವಾರ ಬರ್ರಿ. ಕೊಯ್ದ, ಅಂಚ ಮಸೆದ ಇಟ್ಟಿರ್ತೇನಿ," ಎಂದಿತ್ತು.

ಹೈವೇದಲ್ಲಿ ಪೊಲೀಸರ ತಪಾಸಣೆ ಇದೆಯೆಂದು ರಾಣೇಬೆನ್ನೂರಿನಲ್ಲಿ ಯಾರೋ ಹೇಳಿದರು. ಗಾಜಿಲ್ಲದ ಗಾಡಿಯನ್ನು ಅವರೆದುರು ಒಯ್ಯುವ ಧೈರ್ಯ ಹನುಮೇಶನಿಗಿರಲಿಲ್ಲ. ಬ್ಯಾಡಗಿಯ ಮೇಲೆ ಹಾದು, ಕಾಗಿನೆಲೆ ಹಿಡಿದು ಹಾವೇರಿ ಮುಟ್ಟುವುದೆಂದು ಒಳದಾರಿಗೆ ತಿರುಗಿದ. ಅಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ, ಅದೂ ಫೆಬ್ರುವರಿಯ ಸುಗ್ಗಿ ಎಂಬುದು ಊರು ಹೊಕ್ಕ ಮೇಲೆ ನೆನಪಾಯಿತು.

ಮುಂದೆ ಒಂದು ಲಾರಿ, ಮೆಣಸಿನಕಾಯಿ ಚೀಲ ಮುಗಿಲಿಗೆ ಪೇರಿಸಿಕೊಂಡು. ಹಿಂದೆ ಒಂದು ಲಾರಿ. ಎರಡೂ ಕಡೆ ಚಕ್ಕಡಿ. ಆಮೆಗೂ ನಾಚಿಕೆ ಬರುವಂಥ ವೇಗ. ಹಮಾಲರು ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಣ್ಣು ಮಾತ್ರ ಬಿಟ್ಟಿದ್ದರು. ಅವರ ಕಣ್ಣುಗಳಿಗೆ ರೂಢಿಯಿತ್ತು. ಹನುಮೇಶನ ಕಣ್ಣುಗಳಿಗೆ ಇರಲಿಲ್ಲ. ಮೊದಲು ಸೀನಿದ. ಆಮೇಲೆ ಕಣ್ಣು ಉರಿಯಿತು. ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ. ಅಷ್ಟು ಹೊತ್ತಿನಿಂದ ಟವೆಲು ಎದುರುಗಾಳಿಯ ಘಾಟನ್ನೆಲ್ಲ ಸಾಣಿಸಿ ತನ್ನೊಳಗೆ ಇಟ್ಟುಕೊಂಡಿತ್ತು. ಕಣ್ಣಿಗೆ ಸಾರಿನ ಒಗ್ಗರಣೆ ಬಿದ್ದ ಹಾಗಾಯಿತು. ಒರೆಸಿದಷ್ಟೂ ನೀರು, ನೀರು ಬಂದಷ್ಟೂ ಒರೆಸಿಕೊಳ್ಳಬೇಕು. ಕಾಗಿನೆಲೆ ದಾಟಿ ಹಾವೇರಿ ಬಂದರೂ ಅದು ನಿಲ್ಲಲಿಲ್ಲ.

ಮೈಲಾರಪ್ಪ ಮೇಸ್ತ್ರಿಯ ಓಣಿ ಕೇಳಿಕೊಂಡು ಹೋದ. ಓಣಿಯಲ್ಲಿ ಪೆಂಡಾಲು ಹಾಕಿತ್ತು. ಹಾರ್ಮೋನಿಯಂ ಕೇಳುತ್ತಿತ್ತು. ಮದುವೆ ಇರಬಹುದೆಂದು ಜೀಪು ನಿಲ್ಲಿಸಿ ಇಳಿದು, ತೊಯ್ದ ಕೆನ್ನೆ, ಟೊಮ್ಯಾಟೊ ಕಣ್ಣು, ಸುರಿಯುವ ಮೂಗಿನೊಂದಿಗೆ ಮುಂದೆ ಬಂದ.

"ಮೈಲಾರಪ್ಪ ಮೇಸ್ತ್ರಿಯವರು..." ಎಂದ. ಮುಂದಿನ ಮಾತನ್ನು ಕೆಮ್ಮು ತಡೆಯಿತು.

ಬಾಗಿಲಲ್ಲಿ ನಿಂತಿದ್ದ ಗಡ್ಡದ ಗಂಡಸು ಒಮ್ಮೆಲೇ ಅವನನ್ನು ತಬ್ಬಿಕೊಂಡ. "ಹೋಗಿಬಿಟ್ಟ್ರು ಅಣ್ಣಾರ. ನಿನ್ನೆ ಮಧ್ಯಾಹ್ನ. ಕುಂತಲ್ಲೇ."

ಇವನು ದುರ್ಗೇಶ, ಮೇಸ್ತ್ರಿಯ ಹೆಂಡತಿಯ ತಮ್ಮ. ಸತ್ತ ಮನೆಯ ಬಾಗಿಲಲ್ಲಿ ನಿಂತು ಗಾಜು ಕೇಳುವುದು ಹೇಗೆ? ತಾನು ಯಾರೆಂದಾದರೂ ಹೇಳೋಣವೆಂದು ಹನುಮೇಶ ಬಾಯಿ ತೆರೆದ. ದುರ್ಗೇಶ ಬಿಡಲಿಲ್ಲ.

"ಸುಧಾರಿಸ್ಕೋರಿ. ಎಷ್ಟ ಅತ್ತೀರಿ, ಕಣ್ಣ ನೋಡ್ರಿ ಹೆಂಗಾಗ್ಯಾವ."

"ಅದು ಮೆಣಸಿನಕಾಯಿ..."

"ಹೌದ್ರಿ, ಖಾರ ಮನಶ್ಯಾನ ನಮ್ಮ ಮಾವ," ಎಂದ ದುರ್ಗೇಶ. ಅವನ ಕಣ್ಣೂ ತುಂಬಿತು. "ಆದ್ರ ಒಳಗ ಬೆಲ್ಲ."

ಜನ ದಾರಿ ಬಿಟ್ಟರು. ಯಾರೋ ಬಲಗೈ ಹಿಡಿದರು, ಯಾರೋ ಎಡಗೈ. ಬಂದವರಲ್ಲಿ ಇಷ್ಟು ಅತ್ತವರು ಇನ್ನೂ ಯಾರೂ ಇರಲಿಲ್ಲ. ಯಾವ ಊರಿನ ಗೆಳೆಯನೋ, ಬಾಲ್ಯದವನಿರಬೇಕು ಎಂದು ಹೆಂಗಸರು ಪಿಸುಗುಟ್ಟಿದರು. ಹನುಮೇಶನನ್ನು ಒಯ್ದು ಹೆಣದ ಪಕ್ಕದಲ್ಲೇ ಕೂಡಿಸಿದರು.

ಗೋಡೆಗೆ ಆನಿಸಿ ಕುರ್ಚಿಯಲ್ಲಿ ಕೂಡಿಸಿದ್ದರು ಮೇಸ್ತ್ರಿಯನ್ನು. ಹಣೆಗೆ ವಿಭೂತಿ, ಹೆಗಲ ಮೇಲೆ ಹೊಸ ಶಾಲು. ಕೆಮ್ಮಿಲ್ಲದ ಆ ಮುಖವನ್ನು ಹನುಮೇಶ ಮೊದಲ ಸಲ ನೋಡಿದ. ತೊಡೆಯ ಮೇಲಿಟ್ಟ ಕೈಗಳ ಬೆರಳ ತುಂಬ ಗಾಜು ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು. ಮೇಸ್ತ್ರಿಯ ಹೆಂಡತಿ ಉಚ್ಚಂಗೆವ್ವ ಹನುಮೇಶನ ಬದಿಗೇ ಕುಳಿತಿದ್ದಳು. ಅವಳು ಅಳುತ್ತಿರಲಿಲ್ಲ. ಗಂಡನ ಶಾಲು ಜಾರಿದಾಗಲೆಲ್ಲ ಮೆಲ್ಲಗೆ ಎಳೆದು ಸರಿಮಾಡುತ್ತಿದ್ದಳು, ಥಂಡಿ ಹತ್ತೀತೆಂಬಂತೆ. ಮತ್ತೆ ಜಾರುತ್ತಿತ್ತು. ಮತ್ತೆ ಸರಿಮಾಡುತ್ತಿದ್ದಳು.

ಹನುಮೇಶ ಅದನ್ನು ನೋಡುತ್ತ ಕುಳಿತ. ಬ್ಯಾಡಗಿಯ ಘಾಟು ಅಷ್ಟೊತ್ತಿಗೆ ಇಳಿದಿತ್ತು. ಕಣ್ಣು ಆರತೊಡಗಿದ್ದವು.

ಜಯವ್ವನ ಪಕ್ಕದಲ್ಲಿ ಹೀಗೆ ಯಾರು ಕುಳಿತಿದ್ದರು? ಸೆರಗು ಯಾರು ಸರಿಮಾಡಿದರು? ಅವನಿಗೆ ಗೊತ್ತಿರಲಿಲ್ಲ. ಅವನು ಕರ್ಪೂರ ತರಲು ಹೋಗಿದ್ದ. ಇಡೀ ದಿನದಲ್ಲಿ ಆಕೆಯ ಹತ್ತಿರ ಒಂದು ಗಳಿಗೆ ಅವನು ಕುಳಿತಿರಲಿಲ್ಲ. ಕೂಡು ಎಂದು ಯಾರೂ ಕೈ ಹಿಡಿದು ಕೂಡಿಸಿರಲಿಲ್ಲ. ಜೀಪಿನ ಎಡಗಡೆ ಕುಳಿತಾಗ ಜಯವ್ವ ಕಾಲು ಮಡಚಿಕೊಂಡು, ಸೆರಗನ್ನು ಕಿವಿಗೆ ಸುತ್ತಿಕೊಂಡು, ಸಾವಕಾಶ ಹೋಗ್ರಿ ಎನ್ನುತ್ತಿದ್ದಳು. ಕೊನೆಯ ಸಲ ದವಾಖಾನೆಗೆ ಹೋಗುವಾಗ ಮಾತ್ರ ಲಗೂ ಹೋಗ್ರಿ ಎಂದಿದ್ದಳು.

ಅವನಿಗೆ ಅರಿವಿಲ್ಲದೆ ಗಂಟಲಿನಿಂದ ಒಂದು ಶಬ್ದ ಬಂತು. ಅವನು ಟವೆಲು ಹುಡುಕಲಿಲ್ಲ. ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡು, ಸಂತೆಯಲ್ಲಿ ತಾಯಿಯ ಕೈ ತಪ್ಪಿದವರ ಹಾಗೆ ಅತ್ತ. ಹಾರ್ಮೋನಿಯಂ ನುಡಿಸುವವನು ಒಂದು ಕ್ಷಣ ನಿಲ್ಲಿಸಿದ. ಉಚ್ಚಂಗೆವ್ವ ಶಾಲು ಬಿಟ್ಟು ಅವನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಅವಳಿಗೂ ಅಳು ಬಂತು.

ಎಷ್ಟು ಹೊತ್ತು ಹಾಗಿದ್ದನೋ. ದುರ್ಗೇಶ ಬಂದು ಭುಜ ಮುಟ್ಟಿದ. "ಅಣ್ಣಾರ, ಹೊರಗಿನ ಜೀಪು ನಿಮ್ದೇನ್ರಿ?"

"ಹೌದು."

"ಫೋಟೋ ಮುಂದ ಒಯ್ಯಾಕ ಗಾಡಿ ಹೇಳಿದ್ವಿ, ಬರಲಿಲ್ಲ. ನಿಮ್ಮ ಜೀಪ ನೋಡಿದ್ವಿ. ಏನ ಮನಶ್ಯಾರ್ರಿ ನೀವು. ಫೋಟೋ ಕಟ್ಟಾಕ ಅಂತ ಗಾಜ ತೆಗಿಸ್ಕೊಂಡ ಬಂದೀರಿ."

ಹನುಮೇಶ ಉತ್ತರ ಹೇಳುವಷ್ಟರಲ್ಲಿ ಆ ಸುದ್ದಿ ಪೆಂಡಾಲಿನ ಆಚೆ ತುದಿ ಮುಟ್ಟಿತ್ತು.

ಫೋಟೋ ಬಂತು. ಅಂಥ ಫೋಟೋ ಅವನು ಎಲ್ಲೂ ನೋಡಿರಲಿಲ್ಲ. ಸತ್ತವರ ಫೋಟೋ ಉದ್ದಕ್ಕಿರುತ್ತದೆ, ಇದು ಅಡ್ಡಕ್ಕೆ. ಲೈಸೆನ್ಸಿನ ಸಣ್ಣ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಮೇಸ್ತ್ರಿಯ ಮುಖ ನಡುವೆ ತಂಬಿಗೆಯಷ್ಟಾಗಿ, ಎರಡೂ ಬದಿಗೆ ಬರೀ ನೀಲಿ ಬಯಲು. ಕಟ್ಟಿಗೆಯ ಚೌಕಟ್ಟಿಗೆ ಹೊತ್ತಿಲ್ಲವೆಂದು ಹಿಂದೆ ರಟ್ಟು ಹಾಕಿ, ಮುಂದೆ ಗಾಜಿಟ್ಟು, ಅಂಚಿಗೆ ಕರಿ ಟೇಪು ಸುತ್ತಿದ್ದರು. ದುರ್ಗೇಶ ಮತ್ತು ಇನ್ನೊಬ್ಬ ಅದನ್ನೆತ್ತಿ ಡ್ರೈವರನ ಎದುರಿನ ಕಂಡಿಗೆ ಇಟ್ಟರು. ಹಗ್ಗ ಬೇಕಾಗಲೇ ಇಲ್ಲ. ಒಸಡಿಗೆ ಹಲ್ಲು ಕೂತಂತೆ ಕೂತಿತು.

"ನೋಡ್ರಿ, ಹೆಂಗ ಕುಂತೈತಿ," ಎಂದ ದುರ್ಗೇಶ. "ಮಾಡಿಸಿದಂಗ ಐತಿ."

ಹನುಮೇಶನಿಗೆ ಒಂದು ಸಂಶಯ ಬಂತು. ಹಳೇ ಜೀಪಿನ ಕಂಡಿ, ಏನಿಟ್ಟರೂ ಕೂರುತ್ತದೆ ಎಂದು ಅದನ್ನು ಸುಮ್ಮನಿರಿಸಿದ. ಮಣ್ಣು ಮುಗಿಯಲಿ, ಆಮೇಲೆ ಮೆಲ್ಲಗೆ ಗಾಜಿನ ಮಾತು ತೆಗೆದರಾಯಿತು. ನಾಳೆ ಗಳಗನಾಥಕ್ಕೆ ಹೋಗಲೇಬೇಕು.

ಮೆರವಣಿಗೆ ಹೊರಟಿತು. ಮುಂದೆ ಜೀಪು, ಹಿಂದೆ ಭಜನೆ, ಅದರ ಹಿಂದೆ ಮೇಸ್ತ್ರಿ. ಹನುಮೇಶನ ಕಣ್ಣಿನೆದುರು ಈಗ ರಟ್ಟು. ಸವೆದ ಗಾಜಿನಲ್ಲಿ ಬಿಸಿಲಾದರೂ ಕಾಣುತ್ತಿತ್ತು. ಇದರಲ್ಲಿ ಅದೂ ಇಲ್ಲ. ಬಲಕ್ಕೆ ಕುತ್ತಿಗೆ ಹೊರಹಾಕಿ, ನೀರು ಕುಡಿಯುವ ಬಾತಿನ ಹಾಗೆ ಬಾಗಿ ಓಡಿಸತೊಡಗಿದ. ದುರ್ಗೇಶ ಜೀಪಿಗೆ ಮುಖಮಾಡಿ ಹಿಂದಹಿಂದಕ್ಕೆ ನಡೆಯುತ್ತ ಕೈ ಮಾಡುತ್ತಿದ್ದ.

"ಎಡಕ್ಕ ಬರ್ರಿ, ಎಡಕ್ಕ."

ಹನುಮೇಶ ಎಡಕ್ಕೆ ತಿರುಗಿಸಿದ. ದುರ್ಗೇಶ ಹೇಳಿದ್ದು ತನ್ನ ಎಡ. ಅದು ಹನುಮೇಶನ ಬಲ. ಗೊತ್ತಾಗುವಷ್ಟರಲ್ಲಿ ಜೀಪು ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿತ್ತು. ಭಜನೆ, ಮೇಸ್ತ್ರಿ, ಊರಮಂದಿ ಎಲ್ಲ ಹಿಂದೆಯೇ. ಹೊರಳಿಸಲು ಜಾಗವಿಲ್ಲ. ಬಸ್‌ಸ್ಟ್ಯಾಂಡಿನೊಳಗೆ ಹೋಗಿ, ಬಸ್ಸುಗಳ ನಡುವೆ ಒಂದು ಸುತ್ತು ಹಾಕಿ ಹೊರಗೆ ಬಂದರು. ಹಿರೇಕೆರೂರಿಗೆ ಹೊರಟಿದ್ದ ಬಸ್ಸು ದಾರಿ ಬಿಟ್ಟಿತು. ಡ್ರೈವರು ಕಂಡಕ್ಟರುಗಳು ಟೊಪ್ಪಿಗೆ ತೆಗೆದು ಕೈ ಮುಗಿದರು. ಬೈಗಳು ಬೀಳುತ್ತವೆಂದು ಹನುಮೇಶ ಕುತ್ತಿಗೆ ಒಳಗೆಳೆದುಕೊಂಡ.

ದುರ್ಗೇಶ ಓಡುತ್ತ ಹತ್ತಿರ ಬಂದ. "ಭಾಳ ಚೊಲೋ ಮಾಡಿದ್ರಿ ಅಣ್ಣಾರ. ಸ್ಟ್ಯಾಂಡಿನ ಮಂದೀನ ಮಾವನ ಜೀವ ಆಗಿದ್ರು. ನಮಗ ಯಾರಿಗೂ ಹೊಳೀಲಿಲ್ಲ ನೋಡ್ರಿ."

ಮಣ್ಣು ಮುಗಿಯಿತು. ಎಲ್ಲರೂ ತಿರುಗಿ ಬಂದು ಕಾಲು ತೊಳೆದುಕೊಂಡು, ದೀಪ ನೋಡಿ, ಒಬ್ಬೊಬ್ಬರೇ ಹೊರಟರು. ಫೋಟೋವನ್ನು ಜೀಪಿನಿಂದ ಬಿಡಿಸಿ ಒಳಗೊಯ್ದು ಗೋಡೆಗೆ ಆನಿಸಿ ಇಟ್ಟರು. ಹನುಮೇಶ ಪಡಸಾಲೆಯಲ್ಲಿ ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತ. ಹೊತ್ತು ಇಳಿಯುತ್ತಿತ್ತು. ಇನ್ನು ಕೇಳದೆ ಗತಿಯಿರಲಿಲ್ಲ.

"ಅಕ್ಕಾರ," ಎಂದ. "ಒಂದ ಮಾತ ಕೇಳಬೇಕಿತ್ರಿ. ಗಾಜು..."

ಉಚ್ಚಂಗೆವ್ವ ತಲೆಯೆತ್ತಿದಳು. "ನಿಮಗೂ ಕಾಣಿಸ್ತೇನ್ರಿ? ಎಲ್ಲಾರೂ ಬೈಯ್ದ್ರು ನನಗ, ಫೋಟೋ ಅಡ್ಡ ಯಾಕ ಮಾಡ್ಸಿದಿ ಅಂತ. ಗಾಜ ಇದ್ದ ಅಳತಿಗೇ ಫೋಟೋ ಮಾಡ್ರಿ ಅಂತ ನಾನ ಹಠ ಹಿಡದೆ." ಅವಳು ಎದ್ದು ಹೋಗಿ ಫೋಟೋದ ಅಂಚಿಗೆ ಕೈಯಿಟ್ಟಳು. "ರಾಣೇಬೆನ್ನೂರ ಕಡಿಯಾಂವ ಯಾವನೋ ಜೀಪಿಗೆ ಹೇಳಿದ್ನಂತ. ನಿನ್ನೆ ಮುಂಜಾನೆ ಕುಂತು ಕೊಯ್ದ್ರು. ಅಂಚ ಮಸೆದ್ರು, ನೀರ ಹಾಕಿ ತೊಳದ್ರು, ಬಿಸಿಲಿಗೆ ಹಿಡದ ನೋಡಿದ್ರು. ನೋಡ ಬಾರ ಇಲ್ಲೆ, ಗಾಜ ಐತೋ ಇಲ್ಲೋ ಗೊತ್ತಾಗಬಾರ್ದು ಹಂಗ ಆಗೇತಿ, ಅಂದ್ರು. ಚಾ ತರ್ತೇನಿ ಅಂತ ಒಳಗ ಹೋದೆ. ತರೂದ್ರಾಗ ಹೋಗಿದ್ರು."

ಹನುಮೇಶ ಹೊರಗೆ ನಿಲ್ಲಿಸಿದ ತನ್ನ ಜೀಪಿನ ಕಡೆ ನೋಡಿದ.

"ಅವರ ಕೈಲೆ ಆದದ್ದು ಅದ ಕಡೀದು," ಎಂದಳು ಉಚ್ಚಂಗೆವ್ವ. "ಅದನ್ನ ಹೆಂಗ ಕೊಡ್ಲಿ? ಇವತ್ತ ಬರಾಂವ ಇದ್ದ ಆ ಜೀಪಿನಾಂವ. ಮುಂಜಾನಿಂದ ಅದ ಹೆದರಿಕಿ ನನಗ. ಬಂದು ನನ್ನ ಗಾಜ ಕೊಡು ಅಂದ್ರ ಏನ ಹೇಳ್ಲಿ? ಬಂದಾವ್ರ ಮುಖ ಎಲ್ಲಾ ನೋಡ್ಕೋತ ಕುಂತಿದ್ದೆ, ಇವನಿರಬೇಕೇನು, ಇವನಿರಬೇಕೇನು ಅಂತ."

ಗಾಜಿನ ಹಿಂದಿನಿಂದ ಮೇಸ್ತ್ರಿ ನೀಲಿ ಬಯಲಿನ ನಡುವೆ ನಿಚ್ಚಳವಾಗಿ ನೋಡುತ್ತಿದ್ದ. ನಿಜಕ್ಕೂ ಗಾಜು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಅಂವ ಬರಂಗಿಲ್ಲ ಬಿಡ್ರಿ," ಎಂದ ಹನುಮೇಶ.

"ನಿಮಗ ಹೆಂಗ ಗೊತ್ತು? ನಿಮ್ಮದು ಯಾವೂರಂದ್ರಿ?"

"ಗಳಗನಾಥ." ಸುಳ್ಳು ಹೇಳಿ ರೂಢಿಯಿಲ್ಲದ ಅವನ ಬಾಯಿಗೆ ನಾಳೆ ಹೋಗಬೇಕಾದ ಊರೇ ಬಂತು.

"ಹಂಗಾರ ರಾಣೇಬೆನ್ನೂರ ಕಡೆ ಅಡ್ಡ್ಯಾಡಾವ್ರ ಇದ್ದೀರಿ," ಎಂದಳು ಉಚ್ಚಂಗೆವ್ವ. ಅವಳ ಮುಖದ ಬಿಗಿ ಸ್ವಲ್ಪ ಸಡಿಲಾಯಿತು. "ಒಂದ ಉಪಕಾರ ಮಾಡ್ರಿ. ಹಳೇ ಜೀಪಿನಾಂವ, ಹುಡುಕಿದ್ರ ಸಿಗ್ತಾನ. ಅವಗ ಹೇಳ್ರಿ, ಹಿಂಗಿಂಗ ಆತು, ಬ್ಯಾರೆ ಕಡೆ ಮಾಡಿಸ್ಕೋ ಅಂತ. ಸಿಟ್ಟ ಮಾಡ್ಕೋಬ್ಯಾಡ ಅಂತನೂ ಹೇಳ್ರಿ."

"ಹೇಳ್ತೇನ್ರಿ. ಸಿಟ್ಟ ಮಾಡ್ಕೊಳ್ಳಂಗಿಲ್ಲ ಅಂವ."

"ಖರೇ?"

"ಖರೇನ್ರಿ."

ಉಚ್ಚಂಗೆವ್ವ ಕೈ ಮುಗಿದಳು. ಹನುಮೇಶ ಫೋಟೋಕ್ಕೆ ಒಮ್ಮೆ ಕೈ ಮುಗಿದು ಹೊರಬಂದ.

ದುರ್ಗೇಶ ಜೀಪಿನವರೆಗೆ ಕಳಿಸಲು ಬಂದ. ಮೂರನೇ ದಿನಕ್ಕೆ ತಪ್ಪದೆ ಬರಬೇಕೆಂದ. ಹನುಮೇಶ ಹತ್ತಿ ಕುಳಿತು ಸ್ಟಾರ್ಟ್ ಮಾಡಿದಾಗ ದುರ್ಗೇಶನ ಕಣ್ಣು ಖಾಲಿ ಕಂಡಿಯ ಮೇಲೆ ಬಿತ್ತು.

"ಅಣ್ಣಾರ, ತೆಗಿಸಿದ ಗಾಜ ತಿರುಗಿ ಹಾಕ್ಕೊಂಡ ಹೋಗ್ರಿ. ಗಾಳಿ ಭಾಳ ಐತಿ. ಎಲ್ಲಿಟ್ಟೀರಿ ಅದನ್ನ?"

"ಮನ್ಯಾಗ ಐತಿ," ಎಂದ ಹನುಮೇಶ.

ಹೈವೇಯ ಮೂಲೆಯಲ್ಲಿ ಪೊಲೀಸರು ಇನ್ನೂ ನಿಂತೇ ಇದ್ದರು. ಅವನು ಟವೆಲನ್ನು ಎರಡು ಸಲ ಜಾಡಿಸಿ, ಮೂಗು ಬಾಯಿ ಸುತ್ತಿ ಬಿಗಿಯಾಗಿ ಕಟ್ಟಿಕೊಂಡು, ಜೀಪನ್ನು ಬ್ಯಾಡಗಿಯ ದಾರಿಗೆ ಹೊರಳಿಸಿದ.